ಅಡಿಗೆಮನೆಯ ಫೋನು

ಟೆಲಿಫೋನ್ ತಂತಿಯ ಮೇಲೆ ಇಂಟರ್‌ನೆಟ್ ಬರುವ ಮನೆಯಲ್ಲಿ ವಾರಕ್ಕೊಂದಾದರೂ ಫಜೀತಿ ನಡೆಯುತ್ತದೆ. ನಡೆಯದ ವಾರ ನಾವೇ ಮೋಡೆಮ್ ಮುಟ್ಟಿ ನೋಡುತ್ತೇವೆ, ಹುಷಾರಾಗಿದೆಯೋ ಇಲ್ಲವೋ ಅಂತ.

ನಮ್ಮೂರು ಮೈಂದರ್ಗಿ. ಸೋಲಾಪುರದ ವಿಜಾಪುರ ರಸ್ತೆಯಲ್ಲಿರುವ ಒಂದು ಚಾದರದ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಗಿರಾಕಿಗಳ ಇಂಗ್ಲಿಷ್ ಪತ್ರಗಳಿಗೆ ಉತ್ತರ ಬರೆಯುವುದು. ಇಂಗ್ಲಿಷ್ ಮೀಡಿಯಂ ಸಾಲಿಯಲ್ಲಿ ಕಲಿತದ್ದರಿಂದ ಬರೆಯುವುದು ಸಲೀಸು. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ಮಾತ್ರ ಯಾವ ಭಾಷೆಯಲ್ಲೂ ಆಗುವುದಿಲ್ಲ. ಕಂಪನಿಯ ಮೇಡಂ ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇನೆ ಅಂದಿದ್ದರು. ಸೋಮವಾರದ ಆನ್‌ಲೈನ್ ಮೀಟಿಂಗಿನಲ್ಲಿ ಮಾತಾಡಲೇಬೇಕು ಅಂತಲೂ ಅಂದಿದ್ದರು. ನಮ್ಮ ದಪ್ಪ ಗೋಡೆಗಳೊಳಗೆ ಮೊಬೈಲಿನಲ್ಲಿ ಮಾತು ಬರುತ್ತದೆ, ನೆಟ್ ಬರುವುದಿಲ್ಲ. ಹಾಗಾಗಿ ನನ್ನ ನೌಕರಿ ನೇತಾಡುತ್ತಿದ್ದದ್ದು ಆ ತಾಮ್ರದ ತಂತಿಗೆ.

೧. ದಣಿವು

ಮೊದಲ ವಾರ ನೆಟ್ ತೀರಾ ನಿಧಾನ. ಅಪ್ಪ ಲೈನ್‌ಮನ್‌ನನ್ನು ಕರೆದುತಂದರು. ಆತ ತಂತಿ ತಪಾಸಣೆ ಮಾಡಿ, ಚಹಾ ಕುಡಿದು, ಕಾರಣ ಹೇಳಿದ: ಎಕ್ಸ್‌ಚೇಂಜ್ ಊರಿನ ಆ ತುದಿಗೆ, ಮನೆ ಈ ತುದಿಗೆ, ತಂತಿ ಉದ್ದವಾದಷ್ಟೂ ವೇಗ ಕಡಿಮೆ. ಎಕ್ಸ್‌ಚೇಂಜಿನ ಮಗ್ಗಲಿನ ಕಿರಾಣಿ ಅಂಗಡಿಗೆ ಓಡಿ ಬರುವ ನೆಟ್ಟು ನಮ್ಮ ಮನೆಗೆ ತೆವಳಿಕೊಂಡು ಬರುತ್ತದಂತೆ.

ಅಜ್ಜಿಗೆ ಇದು ಪೂರ್ತಿ ತಿಳಿಯಿತು. "ಅಷ್ಟು ದೂರ ಬರೂದಂದ್ರ ದಣೀತದ ಬಿಡಪಾ. ನಡಕ ಎಲ್ಲೆರೆ ಒಂದೀಟು ಕೂಡಸಿ ಕರ್ಕೊಂಡು ಬಾ."

ಲೈನ್‌ಮನ್ ಬಸಿಯಲ್ಲಿ ಉಳಿದಿದ್ದ ಚಹಾ ಮುಗಿಸಿ ಅಂದ: "ಸರಕಾರಿ ಲೈನ್ ಅದ ಅಜ್ಜಿ. ಒಮ್ಮೆ ಕುಂತ್ರ ಏಳಂಗಿಲ್ಲ."

೨. ಚೀಲ

ನಮ್ಮ ಓಣಿಯ ಕಂಬದ ಮೇಲೆ, ಎದುರುಮನೆಯ ಮಾಳಿಗೆಯಿಂದ ಕೈಗೆಟುಕುವಷ್ಟು ಹತ್ತಿರ, ತಂತಿಗಳ ಗಂಟಿದೆ. ಮಳೆನೀರು ಒಳಗೆ ಹೋದರೆ ಫೋನಿನಲ್ಲಿ ಕರಕರ ಸದ್ದು, ನೆಟ್ ಬಂದ್. ಲೈನ್‌ಮನ್ ಅದಕ್ಕೆ ಒಂದು ಸೀರೆ ಅಂಗಡಿಯ ಚೀಲ ಸುತ್ತಿ ಬಿಗಿದು ಹೋಗಿದ್ದ. ಗಟ್ಟಿ ಚೀಲ, ನೇರಳೆ ಬಣ್ಣ, ಹಿಡಿಕೆಗೆ ಜರಿಯ ದಾರ. ದೊಡ್ಡ ದೊಡ್ಡ ಮಳೆಗೂ ಒಂದು ಹನಿ ಒಳಗೆ ಹೋಗಲಿಲ್ಲ.

ಒಂದು ದಿನ ಸಣ್ಣ ಮಳೆಗೇ ನೆಟ್ ಹೋಯಿತು. ನಾನು ಮೋಡೆಮ್ ಆರಿಸಿ ಹಚ್ಚುತ್ತ ಕುಳಿತಿದ್ದಾಗ ಎದುರುಮನೆ ಕಾಕು ಬಂದರು. ಅವರ ಮನೆಯ ತಂತಿಯೂ ಅದೇ ಗಂಟಿನಿಂದ ಬರುತ್ತದೆ. ಅವರದೂ ಬಂದ್, ಧಾರಾವಾಹಿ ಅರ್ಧಕ್ಕೆ ನಿಂತಿತ್ತು. ಈ ಟೆಲಿಫೋನಿನವರಿಗೆ ಜವಾಬ್ದಾರಿಯೇ ಇಲ್ಲ ಅಂತ ಬಹಳ ಹೊತ್ತು ಬೈದರು. ನಾನು ತಲೆಯಾಡಿಸುತ್ತ ಅವರ ಕೈ ನೋಡುತ್ತಿದ್ದೆ.

ಕೈಯಲ್ಲಿ ಬದನೆಕಾಯಿ, ಮೆಂತ್ಯ. ಎಲ್ಲ ನೇರಳೆ ಚೀಲದಲ್ಲಿ, ಜರಿಯ ದಾರ ಸಮೇತ.

ಹೇಳಲು ನನಗೆ ಧೈರ್ಯವಾಗಲಿಲ್ಲ. ಅಜ್ಜಿ ಕೇಳಿದಳು. ಕಾಕು ಶಾಂತವಾಗಿ ಅಂದರು: "ಇಷ್ಟು ಛಲೋ ಚೀಲ ಮಳ್ಯಾಗ ತೋಯಾಕತ್ತಿತ್ತು. ನೋಡಲಿಕ್ಕಾಗಲಿಲ್ಲ."

೩. ಹನ್ನೊಂದು ಗಂಟೆ

ನಮ್ಮಲ್ಲಿ ಎರಡು ಫೋನು. ಒಂದು ಪಡಸಾಲೆಯಲ್ಲಿ, ಮೋಡೆಮ್ ಪಕ್ಕ; ಅದರ ಗಂಟೆ ಕೆಟ್ಟು ವರ್ಷಗಳಾದವು. ಇನ್ನೊಂದು ಅಡಿಗೆಮನೆಯಲ್ಲಿ, ರೊಟ್ಟಿ ಹಂಚಿನ ಮೇಲಿರುವಾಗ ಓಡಿ ಬರಲಾಗದು ಅಂತ ಅಜ್ಜಿ ಯಾರಿಂದಲೋ ತಂತಿ ಎಳೆಸಿಕೊಂಡದ್ದು. ಆ ಫೋನು ರಿಂಗಾದರೂ ಸರಿ, ಅದನ್ನು ಎತ್ತಿದರೂ ಸರಿ, ಮೋಡೆಮ್‌ನ ಹಸಿರು ದೀಪ ಆರುತ್ತಿತ್ತು. ಎರಡು ನಿಮಿಷ ನೆಟ್ ಇಲ್ಲ.

ಬೋರಾಮಣಿಯಿಂದ ಅಜ್ಜಿಯ ತಂಗಿ ದಿನಾ ಹನ್ನೊಂದಕ್ಕೆ ಸರಿಯಾಗಿ ಫೋನ್ ಮಾಡುತ್ತಾಳೆ. ಸೋಮವಾರದ ಮೀಟಿಂಗೂ ಹನ್ನೊಂದಕ್ಕೇ. ನೌಕರಿಯ ಪ್ರಶ್ನೆ ಅಂತ ಕೈಮುಗಿದು ಕೇಳಿಕೊಂಡೆ. ಅಜ್ಜಿ ಮರುಮಾತಾಡದೆ ಒಪ್ಪಿ, ಸೋಮವಾರ ಫೋನ್ ಮಾಡಬೇಡ ಅಂತ ತಂಗಿಗೆ ತಾಕೀತು ಮಾಡಿದಳು.

ಸೋಮವಾರ ಮೇಡಂ ನನ್ನ ಹೆಸರು ಕರೆಯುವುದಕ್ಕೂ ದೀಪ ಆರುವುದಕ್ಕೂ ಸರಿಹೋಯಿತು. ಒಳಗೆ ಹೋಗಿ ನೋಡಿದರೆ ಅಜ್ಜಿ ಫೋನು ಕಿವಿಗಿಟ್ಟುಕೊಂಡು ನಿಂತಿದ್ದಾಳೆ.

"ಆಕಿಗಿ ಮಾಡಬ್ಯಾಡ ಅಂದೀನಲ್ಲ," ಅಂದಳು, "ಅದಕ್ಕಽ ನಾ ಮಾಡೀನಿ."

೪. ಪುಟ್ಟ ಡಬ್ಬಿ

ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಪಾಪ, ನಿಮ್ಮ ಲೈನ್ ಹಂಗದ, ಅಂದರು. ನನಗೆ ಎಷ್ಟು ಹಾಯೆನಿಸಿತೆಂದರೆ, ಮುಂದಿನ ಸೋಮವಾರದಿಂದ ತೊಡೆಯ ಮೇಲೆ ಮೊಬೈಲ್ ಇಟ್ಟುಕೊಂಡು ಕೂಡತೊಡಗಿದೆ. ನನ್ನ ಸರದಿ ಬಂದೊಡನೆ ನಮ್ಮ ಮನೆಯ ನಂಬರನ್ನೇ ಒತ್ತುವುದು. ಅಡಿಗೆಮನೆಯಲ್ಲಿ ರಿಂಗ್, ದೀಪ ಆರುವುದು, ನಾನು ಪಾರು. ಅಜ್ಜಿ ಫೋನ್ ಎತ್ತುವುದರೊಳಗೆ ಕಟ್ ಮಾಡುತ್ತಿದ್ದೆ.

ಮೂರು ತಿಂಗಳ ಕೊನೆಯ ಸೋಮವಾರ ಬಂತು. ಹಿಂದಿನ ದಿನ ನಾನು ಅಕ್ಕಲಕೋಟೆಗೆ ಹೋಗಿದ್ದೆ. ಆಗಲೇ ಅಪ್ಪ, ಮಗಳ ನೌಕರಿ ಹೋಗಬಾರದೆಂದು, ಲೈನ್‌ಮನ್‌ನನ್ನು ಮತ್ತೆ ಕರೆಸಿದ್ದರು. ಆತ ಅಡಿಗೆಮನೆಯ ಫೋನಿಗೆ ಸ್ಪ್ಲಿಟರ್ ಅನ್ನುವ ಪುಟ್ಟ ಡಬ್ಬಿ ಕೂಡಿಸಿ, ಇನ್ನು ರಿಂಗಾದರೂ ನೆಟ್ ಅಲುಗುವುದಿಲ್ಲ ಅಂತ ಹೇಳಿ ಹೋಗಿದ್ದ. ನನಗೆ ಯಾರೂ ಹೇಳಿರಲಿಲ್ಲ.

ಎಲ್ಲರೆದುರು ಮೇಡಂ ಕೇಳಿದರು: ಮೂರು ತಿಂಗಳಲ್ಲಿ ಏನೇನು ಮಾಡಿದಿ, ಎರಡು ನಿಮಿಷ ಹೇಳು, ಕೇಳಿ ನಿರ್ಧಾರ ಮಾಡ್ತೀನಿ. ನಾನು ನಂಬರ್ ಒತ್ತಿದೆ. ಅಡಿಗೆಮನೆಯಲ್ಲಿ ರಿಂಗಾಯಿತು. ದೀಪ ಹಸಿರಾಗಿಯೇ ಇತ್ತು. ಇನ್ನೊಂದಿಷ್ಟು ರಿಂಗಾಗಲಿ ಅಂತ ಬಿಟ್ಟೆ. ಅಜ್ಜಿ ಎತ್ತಿದಳು.

"ಹಲೋ, ಕೇಳಸಾಕತ್ತದೇನು? ಲೈನ್ ಹೋತೇನು?" ಅಂತ ಮೇಡಂ ಲ್ಯಾಪ್‌ಟಾಪಿನಲ್ಲಿ ಕೇಳುತ್ತಿದ್ದರು. ಆ ದನಿ ನನ್ನ ಮೊಬೈಲ್ ಹೊಕ್ಕು ಅಡಿಗೆಮನೆಯಲ್ಲಿ ಅಜ್ಜಿಯ ಕಿವಿಗೆ ಬಿತ್ತು.

"ಭೇಷ್ ಕೇಳಸ್ತದರಿ," ಅಂದಳು ಅಜ್ಜಿ. ಗಡಿಬಿಡಿಯಲ್ಲಿ ನಾನು ಮೊಬೈಲಿನ ಸ್ಪೀಕರ್ ಒತ್ತಿಬಿಟ್ಟಿದ್ದೆ; ಅವಳ ದನಿ ಮೀಟಿಂಗಿನಲ್ಲಿದ್ದ ಎಲ್ಲರಿಗೂ ಕೇಳಿತು.

ಹುಡುಗಿ ಎಲ್ಲಿ ಅಂತ ಮೇಡಂ ಕೇಳಿದರು. ಅಜ್ಜಿ ರಿಸೀವರ್ ಹಿಡಿದೇ ಬಾಗಿಲಿಗೆ ಬಂದು ಇಣುಕಿದಳು. "ಇಲ್ಲೇ ಕುಂತಾಳಲ್ರಿ. ತೊಡಿ ಮ್ಯಾಲ ಮೊಬೈಲ್ ಇಟ್ಕೊಂಡು ನನಗಽ ಫೋನ್ ಹಚ್ಯಾಳ."

ಇನ್ನು ಬಾಯಿ ತೆರೆಯದೆ ದಾರಿಯಿರಲಿಲ್ಲ. ಅಷ್ಟು ಸಲ ಲೈನ್ ಕಡಿದದ್ದು ನಾನೇ ಅಂತ ಮೊದಲು ಹೇಳಿದೆ. ಅಷ್ಟು ಹೊರಬಿದ್ದ ಮೇಲೆ ಉಳಿದದ್ದು ಹೇಳುವುದು ಕಷ್ಟವಾಗಲಿಲ್ಲ. ಎರಡರ ಬದಲು ಆರು ನಿಮಿಷ ಮಾತಾಡಿದೆನಂತೆ. ಮೇಡಂ ನಕ್ಕು ಕಣ್ಣೊರೆಸಿಕೊಂಡು, ಮುಂದಿನ ತಿಂಗಳಿಂದ ಕಾಯಂ ಅಂದರು.

ಅಜ್ಜಿ ಇನ್ನೂ ಫೋನ್ ಇಟ್ಟಿರಲಿಲ್ಲ.

"ಮೇಡಂ, ಇಕಿ ಮತ್ತ ಸುಮ್ಮನಾದ್ರ ಇದಽ ನಂಬರಿಗೆ ಹಚ್ರಿ. ಹನ್ನೊಂದಕ್ಕ ಮಾತ್ರ ಬ್ಯಾಡ, ನನ್ನ ತಂಗಿ ಇರ್ತಾಳ."