ಅಪ್ಪನ ಎಡೆ, ನನ್ನ ಹೊಟ್ಟೆ

ಕರುಳಿನ ಕ್ಯಾನ್ಸರನ್ನೇ ಕುಯ್ಯಿಸಿಕೊಂಡು ಬಂದ ವೀರ ನಾನು. ಮೂರು ದಿನ ಮಾಂಸ ಬಿಡುವುದು ಯಾವ ಲೆಕ್ಕ? ಐವತ್ತೆಂಟನೆಯ ಇಸವಿ, ಆಪರೇಷನ್ನಾಗಿ ಆರು ತಿಂಗಳು. ತಪಾಸಣೆಗೆ ಮುಂಚೆ ಡಾಕ್ಟರು ಹೇಳಿದ್ದು ಇಷ್ಟೇ: "ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯೋ ನೋಡಬೇಕು. ಮೂರು ದಿನ ಮಾಂಸ ಮುಟ್ಟಬೇಡಿ."

"ಒಂದು ವಾರ ಬೇಕಾದ್ರೂ ಬುಡ್ತೀನಿ ಸಾರ್," ಎಂದು ಎದೆಯುಬ್ಬಿಸಿ ನಜರ್‌ಬಾದಿನ ಮನೆಗೆ ಬಂದೆ.

ಎರಡನೆಯ ದಿನವೇ ಮಹಾಲಯ ಅಮಾವಾಸ್ಯೆ. ತೀರಿಕೊಂಡ ಅಪ್ಪನಿಗೆ ಎಡೆ ಇಡಬೇಕು. ಅಪ್ಪನಿಗೆ ಪ್ರಾಣವಾಗಿದ್ದ ಕುರಿ ರಕ್ತದ ಪಲ್ಯವನ್ನು ಎಡೆಗೆ ಬಡಿಸಿದ ನನ್ನ ಹೆಂಡತಿ ಶಿವನಂಜಮ್ಮ, ನನಗೆ ಮಜ್ಜಿಗೆ ಅನ್ನ ತೋರಿಸಿದಳು. ಹಿರಿಯರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯಲ್ಲಿ ಕೂತೆವು. ನಾನು ಹಿತ್ತಲಿಗೆ ಹೋಗುತ್ತೇನೆಂದು ಎದ್ದೆ. ಕರುಳು ಕುಯ್ಯಿಸಿಕೊಂಡವನನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಹಿಂಬಾಗಿಲಿಂದ ಒಳಗೆ ಹೋದೆ. ಕೋರ್ಟಿನ ಗುಮಾಸ್ತನಲ್ಲವೇ, ಎಡೆಗೆ ಬಂದದ್ದು ಮಾಂಸವಲ್ಲ, ಪ್ರಸಾದ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಅರ್ಧ ಪಲ್ಯ ಮುಗಿಸಿದೆ.

ಬಾಗಿಲು ತೆಗೆದ ಶಿವನಂಜಮ್ಮ ಎಲೆ ನೋಡಿ ಅಡ್ಡಬಿದ್ದಳು. "ಮಾವನೋರು ಬಂದು ಉಂಡವ್ರೆ ಕಣ್ರೀ." ಕಣ್ಣು ಮುಚ್ಚಿ ಏನೋ ಬೇಡಿಕೊಂಡಳು. ನಾನೂ ಕೈ ಮುಗಿದೆ. ಮೂತಿ ಒರೆಸಿಕೊಂಡಿದ್ದು ಪುಣ್ಯ.

ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಕನ್ನಡಕ ತೆಗೆದರು. "ರಕ್ತ ಕಾಣ್ತಿದೆ. ಮತ್ತೆ ಹೊಟ್ಟೆ ತೆರೆಯಬೇಕಾಗಬಹುದು."

ಶಿವನಂಜಮ್ಮ ಬೆಂಚಿನ ತುದಿ ಹಿಡಿದುಕೊಂಡಳು. ಆ ರಕ್ತ ಕುರಿಯದೋ, ನನ್ನದೋ? ಹೇಳಿದರೆ ಹೆಂಡತಿಯ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ ಡಾಕ್ಟರ ಕೈಲಿ ಹೊಟ್ಟೆ.

"ಸಾರ್, ನಮ್ಮಪ್ಪನ ಎಡೆ ಉಂಡೋನು ನಾನೇ. ರಕ್ತದ ಪಲ್ಯ."

ಡಾಕ್ಟರು ತಲೆ ಚಚ್ಚಿಕೊಂಡರು. ಶಿವನಂಜಮ್ಮ ಬೆಂಚಿನ ತುದಿ ಬಿಟ್ಟಳು.

ಮತ್ತೆ ಮೂರು ದಿನ ಪಥ್ಯ, ಮತ್ತೆ ಪರೀಕ್ಷೆ. ಅವಳು ಮಜ್ಜಿಗೆ ಅನ್ನ ಬಡಿಸಿ, ಎದುರೇ ಕೂತು ಕಾವಲು ಕಾದಳು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಕುರಿಯದೇ ಆಗಿರಲಪ್ಪ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

"ಈ ಸಲ ರಕ್ತ ಇಲ್ಲ. ಮೂರು ತಿಂಗಳು ಬಿಟ್ಟು ಬನ್ನಿ," ಎಂದರು ಡಾಕ್ಟರು.

ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಮೆಲ್ಲಗೆ ಕೇಳಿದೆ: "ಅವತ್ತು ಎಡೆ ಮುಂದೆ ಏನು ಬೇಡ್ಕಂಡೆ?"

"ಇವ್ರನ್ನ ಇನ್ನಿಪ್ಪತ್ತು ವರ್ಸ ನನ್ ಜೊತೆ ಉಳ್ಸಿ ಮಾವ, ಅಂದೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಡೆ ಉಂಡೋರು ನೀವು. ಇನ್ನು ನೀವೇ ನಡೆಸ್ಕೊಡಿ."