ಒಂದೇ ಸ್ವರದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಸಪ್ತಸ್ವರಗಳಲ್ಲಿ ಬರುತ್ತಿದ್ದದ್ದು ಒಂದೇ ಒಂದು. ಆದರೆ ಉಳಿದ ಆರಕ್ಕೂ ಸಲ್ಲಬೇಕಾದ ಜೋರನ್ನೆಲ್ಲ ಅವಳು ಆ ಒಂದಕ್ಕೇ ಸುರಿದುಬಿಡುತ್ತಿದ್ದಳು! ಇಂಥವಳು ಕಾಲೇಜಿನ ಸಮೂಹಗಾನ ತಂಡ ಸೇರಿದರೆ ಏನಾಗಬೇಕು, ನೀವೇ ಹೇಳಿ.

ನಾನು ಬೆಳೆದದ್ದು ನ್ಯಾಮತಿಯಲ್ಲಿ, ಅಜ್ಜಿಯ ಮನೆಯಲ್ಲಿ. ಅಜ್ಜನದು ಹಿಟ್ಟಿನ ಗಿರಣಿ. ನನಗಿಂತ ಆರು ವರ್ಷ ದೊಡ್ಡವಳಾದ ಚಿಕ್ಕಮ್ಮ ಪಿಯುಸಿ ಮುಗಿಸಿ ಆ ಗಿರಣಿ ನೋಡಿಕೊಳ್ಳುತ್ತಿದ್ದಳು. ಅದರ ಗದ್ದಲದಲ್ಲಿ "ರಾಗಿ ಯಾರ್ದು? ಜೋಳ ಯಾರ್ದು?" ಎಂದು ಕೂಗಿ ಕೂಗಿ ಗಂಟಲು ಕಂಚಿನ ಗಂಟೆಯಾಗಿತ್ತು. ಅಡುಗೆಮನೆಯಲ್ಲಿ ಗುಟ್ಟು ಹೇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಿತ್ತು!

ಒಮ್ಮೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಗಂಡಿನ ತಾಯಿ ಸುಮ್ಮನಿರಬಾರದೇ? "ಹಾಡಾಕೆ ಬರ್ತೈತೇನಮ್ಮ?" ಎಂದು ಕೇಳಿಬಿಟ್ಟರು. "ಬರ್ತೈತ್ರೀ" ಎಂದವಳೇ ಚಿಕ್ಕಮ್ಮ ದೇವರನಾಮ ಎತ್ತಿಕೊಂಡಳು. ಮೊದಲ ಸಾಲಿಗೆ ಪಕ್ಕದ ಮನೆಯ ಕೂಸು ಎದ್ದು ಅತ್ತಿತು. ಎರಡನೆಯ ಸಾಲಿಗೆ ಗಂಡಿಗೆ ಬಸ್ಸಿನ ನೆನಪಾಯಿತು. "ಊರಿಗೆ ಹೋಗಿ ತಿಳಿಸ್ತೀವ್ರೀ" ಎಂದು ಹೋದವರು ಇನ್ನೂ ತಿಳಿಸಿಲ್ಲ!

ಅಜ್ಜಿ ಹಣೆ ಚಚ್ಚಿಕೊಂಡರೆ ಚಿಕ್ಕಮ್ಮನಿಗೆ ಚಿಂತೆಯೇ ಇಲ್ಲ. "ಹೋಗ್ಲಿ ಬಿಡವ್ವ. ಒಂದು ಹಾಡು ಪೂರ್ತಿ ಕೇಳಾಕೆ ತಾಳ್ಮೆ ಇಲ್ದೋನ ಜತೆ ಸಂಸಾರ ಹೆಂಗೆ ಮಾಡ್ಲಿ?"

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊನ್ನಾಳಿಯ ಕಾಲೇಜಿಗೆ ಸೇರುವುದೆಂದಾಯಿತು. ಹುಡುಗಿ ಒಬ್ಬಳೇ ಬಸ್ಸಿನಲ್ಲಿ ಹೇಗೆ ಹೋಗಿಬರುತ್ತಾಳೆಂದು ಅಜ್ಜಿಗೆ ದಿಗಿಲು. "ಅದಕ್ಕೇನು, ನಾನೂ ಓದ್ತೀನಿ!" ಎಂದು ಚಿಕ್ಕಮ್ಮ ಗಿರಣಿಯನ್ನು ಅಜ್ಜನಿಗೆ ಒಪ್ಪಿಸಿ ನನ್ನ ಜೊತೆ ಬಿ.ಎ.ಗೆ ಸೇರಿದಳು. ಸಮೂಹಗಾನಕ್ಕೆ ಹೆಸರು ಕೊಡಿ ಎಂದಾಗ ನಾನಿನ್ನೂ ಯೋಚಿಸುತ್ತಿದ್ದೆ. ಅವಳು ಇಬ್ಬರ ಹೆಸರನ್ನೂ ಕೊಟ್ಟು ಬಂದಿದ್ದಳು.

ನಮಗೆ ಹಾಡು ಕಲಿಸುತ್ತಿದ್ದವರು ಅರ್ಥಶಾಸ್ತ್ರದ ಸರ್. ಸಂಜೆ ಅವರು ಹಾರ್ಮೋನಿಯಂ ಹಿಡಿದರೆ, ಅಬ್ಬಾ, ಆ ಖುಷಿಯನ್ನು ಹೇಗೆ ಹೇಳಲಿ! ಅಷ್ಟೂ ಹುಡುಗಿಯರ ದನಿ ಒಟ್ಟಿಗೆ ಏಳುವಾಗ ನನ್ನದು ಎಲ್ಲಿ ಮುಗಿಯಿತು, ಪಕ್ಕದವಳದು ಎಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ. ಮೈಯೆಲ್ಲ ಜುಮ್ಮೆಂದು, ಕಾಲು ನೆಲ ಬಿಟ್ಟ ಹಾಗೆ! ಚಿಕ್ಕಮ್ಮನ ದನಿ ಎಲ್ಲಿ ಶುರುವಾಯಿತೆಂದು ಮಾತ್ರ ಕಾಲೇಜಿನ ಹಿಂದಿನ ಹೊಳೆಯಾಚೆಯವರಿಗೂ ತಿಳಿಯುತ್ತಿತ್ತು.

ಸರ್ ಅವಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ವರಾಂಡಕ್ಕೆ ಕಳಿಸಿದರು.

"ಇನ್ನೂ ಒಂಚೂರು ಹಿಂದೆ ಸರೀರಿ."

"ಇನ್ನೂ ಸರಿದ್ರೆ ಹೊಳೆಗೆ ಬೀಳ್ತೀನಿ ಸರ್!"

ಕೊನೆಗೆ ಅವರು ಕೈಮುಗಿದು, "ನೀವು ಬರೀ ಬಾಯಿ ಆಡಿಸ್ರಿ, ಸಾಕು" ಎಂದರು. ಚಿಕ್ಕಮ್ಮ ಒಂದು ಸಂಜೆ ಹಾಗೆಯೇ ಮಾಡಿದಳು. ಮನೆಗೆ ಬರುವಾಗ, "ಎಲೆ ಮುಂದೆ ಕೂರ್ಸಿ, ಉಣ್ಬ್ಯಾಡ, ಬಾಯಿ ಆಡಿಸು ಅಂದಂಗಾತು ಕಣೇ" ಎಂದಳು. ಮರುದಿನ ಮತ್ತೆ ಹಾಡಿದಳು!

ಚನ್ನಗಿರಿಯಲ್ಲಿ ಅಂತರಕಾಲೇಜು ಸ್ಪರ್ಧೆ ಬಂತು. ಬಸ್ಸಿನ ಮೇಲೆ ಹಾರ್ಮೋನಿಯಂ ಏರಿಸಿ ಹೊರಟೆವು. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಅದರ ಮೇಲೆ ಭತ್ತದ ಮೂಟೆ ಹೇರಿದ್ದರು. ಇಳಿಸಿ ನೋಡಿದರೆ ತಿದಿ ಹರಿದು, ಪೆಟ್ಟಿಗೆ ಕೆಮ್ಮುವುದಕ್ಕೂ ಆಗದ ಸ್ಥಿತಿಯಲ್ಲಿತ್ತು. ಬೇರೆ ಕಾಲೇಜಿನವರು ತಮ್ಮ ತಮ್ಮ ಹಾರ್ಮೋನಿಯಂಗಳನ್ನು ಎಳೆಗೂಸಿನಂತೆ ಅವಚಿಕೊಂಡಿದ್ದರು, ಕೇಳುವ ಹಾಗಿರಲಿಲ್ಲ.

ಸರ್ ಮೆಟ್ಟಿಲ ಮೇಲೆ ಕುಸಿದು ಕೂತರು. "ಶ್ರುತಿ ಇಲ್ದೆ ಹೆಂಗೆ ಹಾಡ್ತೀರಮ್ಮ? ನಡುವೆ ಒಬ್ಬೊಬ್ರು ಒಂದೊಂದು ದಾರಿ ಹಿಡೀತೀರಿ. ವಾಪಸ್ ಹೋಗಣ ನಡೀರಿ."

ನಮಗೆಲ್ಲ ಅಳು ಬಂತು. ಆಗ ಚಿಕ್ಕಮ್ಮ ಮುಂದೆ ಬಂದಳು. "ಸರ್, ನಮ್ಮ ಗಿರಣಿ ಶುರುವಾದ್ರೆ ಕರೆಂಟ್ ಹೋಗೋ ತನಕ ಒಂದೇ ದನಿ. ನಂಗೂ ಬರೋದು ಒಂದೇ. ಅದನ್ನೇ ಹಿಡ್ಕಂಡು ನಿಂತ್ಕಳ್ಲಾ?"

ಬಾಯಿ ಮುಚ್ಚಿ "ಮ್‌ಮ್‌ಮ್" ಎಂದಳು. ಸರ್ ತಲೆಯೆತ್ತಿದರು. ಎದ್ದುನಿಂತರು! "ಇನ್ನೊಂಚೂರು ಮೆತ್ತಗೆ... ಮೆತ್ತಗೆ..." ಚಿಕ್ಕಮ್ಮ ಹುಟ್ಟಿದಾಗಿನಿಂದ ಮೊದಲ ಸಲ ಮೆತ್ತಗಾದಳು.

ವೇದಿಕೆಯಲ್ಲಿ ಅವಳನ್ನು ನಟ್ಟನಡುವೆ ನಿಲ್ಲಿಸಿಕೊಂಡು ಹಾಡಿದೆವು. ಆ ದನಿ ಚಾಪೆಯಂತೆ ಹಾಸಿಕೊಂಡಿತ್ತು. ನಾವು ಅದರ ಮೇಲೆ ಕುಣಿದೆವು, ಏರಿದೆವು, ಇಳಿದೆವು. ಒಬ್ಬಳೂ ದಾರಿ ತಪ್ಪಲಿಲ್ಲ! ಎರಡನೆಯ ಬಹುಮಾನ ಎಂದು ಕೂಗಿದಾಗ ನಾವು ಕಿರುಚಿದ್ದಕ್ಕೆ ಮೈಕೇ ಬೇಕಿರಲಿಲ್ಲ.

ತೀರ್ಪುಗಾರರೊಬ್ಬರು ಬಂದು, "ಶ್ರುತಿ ಪೆಟ್ಟಿಗೆ ಎಲ್ಲಿ ಬಚ್ಚಿಟ್ಟಿದ್ರಿ?" ಎಂದು ಕೇಳಿದರು.

"ಅಲ್ಲಿ ಮಂಡಕ್ಕಿ ತಿಂತೈತೆ ನೋಡ್ರಿ" ಎಂದರು ಸರ್.

ವಾಪಸ್ ಬರುವಾಗ ಬಸ್ಸಿನ ತುಂಬ ಹಾಡು. ಕಂಡಕ್ಟರೂ ಟಿಕೆಟ್ ಹರಿಯುತ್ತಾ ಸೇರಿಕೊಂಡ. ಚಿಕ್ಕಮ್ಮ ಮಾತ್ರ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದಳು.

"ಯಾಕೆ ಚಿಕ್ಕಮ್ಮ, ಗಂಟಲು ಕಟ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ಇಷ್ಟು ದಿನ ನನ್ನ ದನಿ ಬಿಟ್ರೆ ನಂಗೇನೂ ಕೇಳ್ತಿರ್ಲಿಲ್ಲ ಕಣೇ. ಇವತ್ತು ನಿಮ್ಮೆಲ್ಲರ್ದೂ ಕೇಳ್ತು. ನಿಂದೂ ಕೇಳ್ತು." ನನ್ನ ಕಡೆ ತಿರುಗಿ, "ಥೇಟ್ ನಮ್ಮಕ್ಕನ ದನಿ ಕಣೇ ನಿಂದು" ಎಂದಳು.

ಅವಳ ಅಕ್ಕ ಎಂದರೆ ನನ್ನ ಅವ್ವ. ನಾನು ಎರಡು ವರ್ಷದವಳಿದ್ದಾಗ ತೀರಿಕೊಂಡವಳು. ಅವಳ ಮುಖ ಗೋಡೆಯ ಮೇಲಿನ ಫೋಟೋದಲ್ಲಿತ್ತು; ದನಿ ಎಲ್ಲೂ ಇರಲಿಲ್ಲ.

"ಎಲ್ಲಿ, ಇನ್ನೊಂದ್ಸಲ ಹಾಡು" ಎಂದಳು ಚಿಕ್ಕಮ್ಮ ನನ್ನ ಕೈ ಹಿಡಿದು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

ನಾನು ಹಾಡಿದೆ. ಹಾಡುತ್ತಾ ಹಾಡುತ್ತಾ, ನನ್ನ ದನಿಯನ್ನೇ ನಾನು ಕಿವಿಗೊಟ್ಟು ಕೇಳಿದೆ.