ಶುಕ್ರವಾರ ಮಾತ್ರ ಕೆಡುವ ಕಾರು

ನನ್ನ ಕಾರು ವಾರಕ್ಕೊಂದಾದರೂ ದೂರು ಹೇಳದೆ ಬಿಡುವುದಿಲ್ಲ. ಟೈರಿನಲ್ಲಿ ಗಾಳಿ ಇಳಿದಿದೆ, ಗಾಜು ತೊಳೆಯುವ ನೀರು ಮುಗಿದಿದೆ, ನಿಮಗೆ ನಿದ್ದೆ ಬಂದ ಹಾಗಿದೆ, ನಿಲ್ಲಿಸಿ ಕಾಫಿ ಕುಡಿಯಿರಿ. ಹೀಗೆ ಏನಾದರೊಂದು. ಇಂಥ ಬಾಯಿಬಡುಕ ಗಾಡಿ ಹೋಗಿ ಹೋಗಿ ನನ್ನ ಕೈಗೆ ಸಿಕ್ಕಿತು. ನಾನೋ, ಹೋಟೆಲಿನಲ್ಲಿ ಕೇಳದ ತಿಂಡಿ ತಂದಿಟ್ಟರೂ ಥ್ಯಾಂಕ್ಯೂ ಹೇಳಿ ತಿಂದು ಬರುವವಳು.

ನಾವಿರುವ ಪರದೇಶದ ಊರು ಹ್ಯಾಮಿಲ್ಟನ್ನಿನಲ್ಲಿ ಹಾಲಿನ ಸ್ಯಾಂಪಲ್ ಪರೀಕ್ಷಿಸುವ ಲ್ಯಾಬಿನಲ್ಲಿ ನನಗೆ ಕೆಲಸ. ಮನೆಯಲ್ಲಿ ಅವ್ವ, ಅಣ್ಣ, ನಾನು, ಮೂವರೇ. ನನ್ನ ಶಾಲೆ ಅಪ್ಪ ಆರಿಸಿದ್ದು, ಕೋರ್ಸ್ ಅಣ್ಣ ಆರಿಸಿದ್ದು, ಕನ್ನಡಕದ ಫ್ರೇಮ್ ಕೂಡ ಅವ್ವ ಆರಿಸಿದ್ದು. ಈ ಕಾರೊಂದು ಮಾತ್ರ ನಾನಾಗಿ ಆರಿಸಿದ್ದು. ಯುರೋಪಿನ ದೊಡ್ಡ ಹೆಸರಿನ ಕಂಪನಿಯದು, ಎರಡು ವರ್ಷ ಯಾರೋ ಓಡಿಸಿದ್ದು, ಕಡುನೀಲಿ ಬಣ್ಣ. ಅಂಗಳಕ್ಕೆ ತಂದು ನಿಲ್ಲಿಸಿದ ದಿನ ಅಣ್ಣ ಅದನ್ನು ಒಂದು ಸುತ್ತು ಹಾಕಿ, "ಇದು ಗಾಡಿ ಅಲ್ಲ ತಂಗಿ, ಅಳಿಯ. ದಿನಾ ಉಪಚಾರ ಮಾಡಬೇಕಾಗ್ತೈತಿ" ಅಂದ.

೧. ಬೆಲ್ಟ್ ಕಟ್ಟಿಕೊಂಡ ಹಿಟ್ಟು

ಮೊದಲ ಉಪಚಾರ ಶುರುವಾಗಿದ್ದು ಇಂಡಿಯನ್ ಅಂಗಡಿಯಿಂದ ಬರುವಾಗ. ಇಪ್ಪತ್ತು ಕಿಲೋ ಜೋಳದ ಹಿಟ್ಟು ತಗೊಂಡಿದ್ದೆವು. ಡಿಕ್ಕಿಯಲ್ಲಿ ಇಡಲು ಹೋದರೆ ಅವ್ವ ತಡೆದಳು.

"ಚಪ್ಪಲಿ ಒಗೆಯೂ ಜಾಗದಾಗ ತಿನ್ನೂ ಹಿಟ್ಟ ಇಡ್ತಾರೇನ? ಮುಂದ ಸೀಟಿನ ಮ್ಯಾಲೆ ಇಡು. ನಾ ಹಿಂದ ಕುಂದರ್ತೀನಿ."

ಹಿಟ್ಟು ಮುಂದೆ ಕೂತಿತು, ಅವ್ವ ಹಿಂದೆ. ಗಾಡಿ ರಸ್ತೆಗೆ ಇಳಿಯುತ್ತಲೇ ಟಿಣ್ ಟಿಣ್ ಟಿಣ್. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದೆ, ಮತ್ತೆ ಹಚ್ಚಿದೆ. ಟಿಣ್ ಟಿಣ್. ಬಾಗಿಲೆಲ್ಲ ತೆಗೆದು ಮುಚ್ಚಿದೆ. ಟಿಣ್ ಟಿಣ್. ಫೋನಿನಲ್ಲಿ ನಾಲ್ಕು ನೂರು ಪುಟದ ಕೈಪಿಡಿ ತೆಗೆದು ಓದುತ್ತಾ ಕೂತೆ. ಸೀಟಿನ ಸೆನ್ಸರ್ ಕೆಟ್ಟಿರಬೇಕು ಅಂತ ಆಗಲೇ ರಿಪೇರಿಯ ಲೆಕ್ಕ ಹಾಕತೊಡಗಿದೆ.

"ಏನಂತೈತದು?" ಹಿಂದಿನಿಂದ ಅವ್ವ.

"ಮುಂದ ಯಾರೋ ಕುಂತಾರ, ಬೆಲ್ಟ್ ಹಾಕಿಲ್ಲ ಅಂತೈತಿ."

"ಸುಳ್ಳೇನೈತಿ ಅದರಾಗ? ಕುಂತೈತಲ್ಲ. ಹಾಕು."

ಹಾಕಿದೆ. ಸದ್ದು ನಿಂತಿತು. ಸಿಗ್ನಲ್ಲಿನಲ್ಲಿ ಪಕ್ಕದ ಪಿಕಪ್‌ನವನು ಬೆಲ್ಟ್ ಕಟ್ಟಿಕೊಂಡು ಮರ್ಯಾದೆಯಿಂದ ಕೂತ ಚೀಲವನ್ನು ನೋಡಿ ಹೆಬ್ಬೆರಳು ಎತ್ತಿ ತೋರಿಸಿದ. ನಾನು ಸ್ಟಿಯರಿಂಗಿನ ಹಿಂದೆ ಸಾಧ್ಯವಾದಷ್ಟು ಕುಗ್ಗಿದೆ. ಅವ್ವ ಮಾತ್ರ ಕಿಟಕಿಯಿಂದ ಅವನಿಗೆ ಕೈ ಬೀಸಿ, "ಭಾಳ ಛಲೋ ದೇಶ ಬಿಡು. ಇಪ್ಪತ್ತು ಕಿಲೋ ಆದ್ರ ಸಾಕು, ಮನಷ್ಯಾ ಅಂತ ಲೆಕ್ಕಕ್ಕ ಹಿಡೀತಾರ" ಅಂದಳು.

೨. ಕೀ ಎಲ್ಲಿದೆ?

ಹೊಸ ಕಾರುಗಳಿಗೆ ಕೀ ತಿರುಗಿಸುವ ಕೆಲಸವೇ ಇಲ್ಲ. ಚೀಲದಲ್ಲಿದ್ದರೆ ಸಾಕು, ಕಾರು ತಾನೇ ಗುರುತು ಹಿಡಿದು ಬಾಗಿಲು ತೆಗೆಯುತ್ತದೆ. ಈ ಗುರುತಿನ ಸಿಗ್ನಲ್ಲನ್ನೇ ಕಳ್ಳರು ಹಿಡಿದು ಗಾಡಿ ಕದಿಯುತ್ತಾರೆ ಅಂತ ಅಣ್ಣ ಎಲ್ಲೋ ಓದಿ, ಊಟದ ಹೊತ್ತಿನಲ್ಲಿ ನಮಗೆ ಒಂದು ಉಪನ್ಯಾಸ ಕೊಟ್ಟ. ನಾನು ಕೇಳಿ ಮರೆತೆ. ಅವ್ವ ಮರೆಯಲಿಲ್ಲ.

ಮರುದಿನ ಅವ್ವನನ್ನು ಪೇಟೆಗೆ ಕರೆದುಕೊಂಡು ಹೋಗಿದ್ದೆ. ನನ್ನ ಪ್ಯಾಂಟಿಗೆ ಜೇಬಿರಲಿಲ್ಲ, ಕೀಯನ್ನು ಅವ್ವನ ಕೈಗೆ ಕೊಟ್ಟಿದ್ದೆ. ವಾಪಸ್ ಬಂದು ಬಾಗಿಲು ಹಿಡಿದರೆ ಕಾರು ಅಲ್ಲಾಡಲಿಲ್ಲ.

"ಅವ್ವಾ, ಕೀ ಐತಲ್ಲ?"

"ಐತಿ. ಚೀಲದಾಗ ಐತಿ."

ಚೀಲ ಬಾಗಿಲಿಗೆ ತಾಗಿಸಿದೆವು. ಈ ಕಡೆ ಬಂದೆವು, ಆ ಕಡೆ ಹೋದೆವು. ಡಿಕ್ಕಿಗೂ ಚೀಲ ತೋರಿಸಿದೆವು. ಮಂಗಳಾರತಿ ಎತ್ತುವವರ ಹಾಗೆ ಕಾರನ್ನು ಎರಡು ಸುತ್ತು ಬಂದಿದ್ದಾಯಿತು. ಕೀಯ ಬ್ಯಾಟರಿ ಸತ್ತಿತೋ, ಕಾರಿನದೇ ಸತ್ತಿತೋ? ಫೋನ್ ಮಾಡಲು ನಾಚಿಕೆಪಟ್ಟು ಅರ್ಧ ತಾಸು ಕಳೆದು, ಕೊನೆಗೆ ರಸ್ತೆ ನೆರವಿನವರನ್ನು ಕರೆದೆ.

ಕಿತ್ತಳೆ ಜಾಕೆಟ್ಟಿನವನು ಬಂದು ಕೇಳಿದ್ದು ಒಂದೇ ಪ್ರಶ್ನೆ: "ಕೀ ನೋಡಬಹುದಾ?"

ಅವ್ವ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದಳು. ಅದಕ್ಕೆ ಬಿಗಿಯಾದ ಮುಚ್ಚಳ. ಅದರೊಳಗೆ ಇನ್ನೊಂದು ಸಣ್ಣ ಸ್ಟೀಲ್ ಡಬ್ಬಿ. ಅದರ ಮುಚ್ಚಳ ಎತ್ತಿದ್ದೇ ತಡ, ಕಾರಿನ ಕನ್ನಡಿಗಳು ಕಿವಿ ಬಿಚ್ಚಿದ ಹಾಗೆ ಬಿಚ್ಚಿಕೊಂಡವು, ದೀಪಗಳು ಹತ್ತಿದವು. ನಾನು ಹಿಡಿಕೆಗೆ ಕೈ ಹಾಕಿದೆ, ಬಾಗಿಲು ಕ್ಲಿಕ್ಕೆಂದಿತು. ಅವ್ವ ಗಾಬರಿಯಾಗಿ ಮುಚ್ಚಿದಳು.

"ಸ್ಟೀಲಿನಾಗಿಂದ ಸಿಗ್ನಲ್ ಹೊರಗ ಬರೂದಿಲ್ಲಂತ. ಕಳ್ಳರಿಗೆ ಸಿಗಬಾರ್ದಂತ ಇಟ್ಟೀನಿ" ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆ ಮನುಷ್ಯ ಬಹಳ ಗೌರವದಿಂದ ಅವ್ವನನ್ನು ನೋಡಿ, "ಈ ಡಬ್ಬಿ ತುಂಬಾ ಚೆನ್ನಾಗಿ ಕೆಲಸ ಮಾಡುತ್ತಿದೆ. ಒಂದೇ ತೊಂದರೆ, ಇದು ನಿಮ್ಮನ್ನೂ ಕಳ್ಳರು ಅಂತಲೇ ತಿಳಿದುಕೊಂಡಿದೆ" ಅಂದ.

೩. ಕಣ್ಣು ಮುಚ್ಚುವ ರಾಡಾರ್

ಇವೆರಡಕ್ಕೂ ನಕ್ಕು ಸುಮ್ಮನಾಗಿದ್ದ ಅಣ್ಣ ಮೂರನೆಯದಕ್ಕೆ ನಗಲಿಲ್ಲ.

ನನ್ನ ಕಾರಿನ ಮುಂದುಗಡೆ ಒಂದು ರಾಡಾರ್ ಇದೆ. ಮುಂದಿನ ಗಾಡಿ ಎಷ್ಟು ದೂರವಿದೆ ಅಂತ ನೋಡಿಕೊಂಡು, ಅಡ್ಡ ಬಂದರೆ ಕಾರು ತಾನೇ ಬ್ರೇಕ್ ಹಾಕುತ್ತದೆ. ಒಂದು ದಿನ ಬೆಳಿಗ್ಗೆ ಲ್ಯಾಬಿಗೆ ಹೋಗುವಾಗ ಪರದೆಯ ಮೇಲೆ ಹಳದಿ ಅಕ್ಷರ ಬಂತು: ಮುಂದಿನ ರಾಡಾರಿಗೆ ಕಾಣಿಸುತ್ತಿಲ್ಲ, ಬ್ರೇಕ್ ಸಹಾಯ ನಿಂತಿದೆ.

ಸೋಮವಾರಕ್ಕೆ ವರ್ಕ್‌ಶಾಪಿನಲ್ಲಿ ಸಮಯ ಸಿಕ್ಕಿತು. ಭಾನುವಾರ ಸಂಜೆ ಕೂತು ಕಾರನ್ನು ಮೈ ತಿಕ್ಕಿ ತೊಳೆದೆ. ಹೊರಗಿನವರ ಕೈಗೆ ಕೊಳಕು ಗಾಡಿ ಕೊಡುವುದು ಹೇಗೆ? ಡಾಕ್ಟರ ಹತ್ತಿರ ಹೋಗುವ ಮುಂಚೆ ತಲೆ ಬಾಚಿಕೊಳ್ಳುವುದಿಲ್ಲವೇ, ಹಾಗೆ. ವರ್ಕ್‌ಶಾಪಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್. ಚಳಿಯಲ್ಲೂ ಚಡ್ಡಿ, ಎದೆವರೆಗೆ ಗಡ್ಡ. ಕಂಪ್ಯೂಟರ್ ಚುಚ್ಚಿ ನೋಡಿ, "ರಾಡಾರ್ ಚೆನ್ನಾಗಿದೆ. ಕಾರು ಎಷ್ಟು ಶುಭ್ರವಾಗಿದೆ!" ಅಂದ. ನಾನು ಥ್ಯಾಂಕ್ಯೂ ಹೇಳಿ ಬಂದೆ.

ಆ ವಾರವೇ ಮತ್ತೆ ಹಳದಿ ಅಕ್ಷರ. ಮತ್ತೆ ತೊಳೆದೆ, ಮತ್ತೆ ತೋರಿಸಿದೆ, ಏನೂ ಇಲ್ಲ. ಮೂರನೇ ಸಲ ಹೋದಾಗ ಮೆಕ್ಯಾನಿಕ್ ಗಡ್ಡ ಕೆರೆದುಕೊಂಡು, "ಬಂದು ಹೋಗುವ ರೋಗ ಇದು. ರಾಡಾರನ್ನೇ ಬದಲಾಯಿಸಿಬಿಡೋಣ" ಅಂದ.

ಮನೆಗೆ ಬಂದು ಹೇಳಿದರೆ ಅವ್ವ, "ಯಾರದೋ ಕಣ್ಣು ಬಿದ್ದೈತಿ. ನಾ ನೋಡ್ಕೋತೀನಿ ಬಿಡು" ಅಂದಳು. ಅಣ್ಣ ಫೋನ್ ತಗೊಂಡು ಅಂಗಳಕ್ಕೆ ಹೋಗಿ ನಾಲ್ಕು ಕಡೆಯಿಂದ ಕಾರಿನ ಫೋಟೋ ಹೊಡೆದ.

"ಸಾಕು ತಂಗಿ. ಇವತ್ತು ರಾಡಾರ್, ನಾಳೆ ಇನ್ನೊಂದು. ಮಾರಿಬಿಡೋಣು. ನನ್ನ ಗಾಡಿಯಂಥಾದ್ದೊಂದು ಕೊಡಸ್ತೀನಿ, ಒಮ್ಮೆಯೂ ತಕರಾರ ಮಾಡಿಲ್ಲ ಅದು."

ನಾನು ಬೇಡ ಅನ್ನಬೇಕಿತ್ತು. ಬಾಯಿಂದ ಬಂದದ್ದು "ಹೂಂ." ಎರಡೇ ದಿನದಲ್ಲಿ ಕೊಳ್ಳುವವನೂ ಸಿಕ್ಕ. ಶನಿವಾರ ಎರಡು ಗಂಟೆಗೆ ಬಂದು ನೋಡುತ್ತಾನಂತೆ. ನಾನೇ ಆರಿಸಿದ ಒಂದೇ ಒಂದು ವಸ್ತುವನ್ನು ಒಂದು ಹೂಂನಲ್ಲಿ ಕಳೆದುಕೊಂಡಿದ್ದೆ. "ಚಿಂತಿ ಮಾಡಬ್ಯಾಡ, ಫೋಟೋದಾಗ ಭಾಳ ಛಂದ ಬಂದೈತಿ" ಅಂತ ಅಣ್ಣ ಸಮಾಧಾನವನ್ನೂ ಹೇಳಿದ.

೪. ತೊಳೆಯದೆ ಹೋದ ದಿನ

ಗುರುವಾರ ಲ್ಯಾಬಿನಲ್ಲಿ ಊಟದ ಬಿಡುವಿಗೆ ಕೂತು, ಹಳದಿ ಅಕ್ಷರ ಬಂದ ದಿನಗಳನ್ನೆಲ್ಲ ನೆನಪು ಮಾಡಿ ಒಂದು ಚೀಟಿಯಲ್ಲಿ ಬರೆದೆ. ಶುಕ್ರವಾರ. ಶುಕ್ರವಾರ, ಮತ್ತು ಅದರ ಬೆನ್ನಿಗೆ ಶನಿವಾರ. ಮತ್ತೆ ಶುಕ್ರವಾರ. ಪ್ರತಿ ಸಲವೂ ಭಾನುವಾರ ನಾನು ತೊಳೆದ ಮೇಲೆ ಗುಣವಾಗಿದೆ. ನಮ್ಮ ಲ್ಯಾಬಿನಲ್ಲಿ ಯಾವುದಾದರೂ ಯಂತ್ರ ತೊಳೆದ ಕೂಡಲೇ ಸರಿಹೋದರೆ, ಯಂತ್ರ ಕೆಟ್ಟಿಲ್ಲ, ಅದಕ್ಕೆ ಏನೋ ಅಂಟಿದೆ ಅಂತ ಅರ್ಥ. ಹಾಗಾದರೆ ರೋಗವನ್ನು ತೊಳೆದು ತೊಳೆದು ಡಾಕ್ಟರಿಗೆ ತೋರಿಸುತ್ತಿದ್ದವಳು ನಾನೇ.

ಮರುದಿನ ಶುಕ್ರವಾರ. ಬೆಳಿಗ್ಗೆ ಹಳದಿ ಅಕ್ಷರ ಬಂದದ್ದೇ ತಡ, ಲ್ಯಾಬಿನ ದಾರಿ ಬಿಟ್ಟು ಸೀದಾ ವರ್ಕ್‌ಶಾಪಿಗೆ ತಿರುಗಿಸಿದೆ. ಸಮಯ ಗೊತ್ತು ಮಾಡಿರಲಿಲ್ಲ. ಗಾಡಿ ತೊಳೆದಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಹೀಗೆ ಕರೆಯದೆ ಒಂದು ಕಡೆ ನುಗ್ಗಿದ್ದೆ.

"ಇದು ಶುಕ್ರವಾರ ಮಾತ್ರ ಕೆಡುತ್ತೆ" ಅಂದೆ. ಧ್ವನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಮೆಕ್ಯಾನಿಕ್ ನಕ್ಕ. "ಕಾರಿಗೆ ವಾರ ತಿಳಿಯುವುದಿಲ್ಲಮ್ಮ."

"ದಯವಿಟ್ಟು ಈಗಲೇ ನೋಡಿ. ತೊಳೆಯಬೇಡಿ."

ನಾನು 'ಬೇಡ' ಅಂದದ್ದು ಕೇಳಿ ನನಗೇ ಆಶ್ಚರ್ಯ. ಅವನು ಚಹಾದ ಕಪ್ ಇಟ್ಟು ಹೊರಗೆ ಬಂದ. ಕಾರಿನ ಮುಂದೆ ಹೋದವನು ಅಲ್ಲೇ ನಿಂತ.

"ಇದೇನು?"

ಗ್ರಿಲ್ಲಿನ ನಟ್ಟನಡುವೆ ಕಂಪನಿಯ ಹೊಳೆಯುವ ಲಾಂಛನ ಇರುತ್ತದಲ್ಲ, ಅದರ ಮೇಲೆ ಅವ್ವ ಶುಕ್ರವಾರದ ಪೂಜೆಯಲ್ಲಿ ಹಚ್ಚಿದ ವಿಭೂತಿ. ಮೂರು ಬೆರಳಿನ ಮೂರು ಪಟ್ಟೆ, ನಡುವೆ ಅರಿಶಿನ, ಅದರ ಮೇಲೆ ಕುಂಕುಮ, ಎಲ್ಲ ನೀರಲ್ಲಿ ಕಲಸಿ ಮೆತ್ತಿದ್ದು.

"ಇದಾ? ಏನಿಲ್ಲ. ಇದು ಇರುತ್ತೆ" ಅಂದೆ.

ನಿಜವಾಗಿಯೂ ಹಾಗೇ ಅಂದೆ. ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಬೊಟ್ಟಿಲ್ಲದ ಗಾಡಿ ಕಂಡರೆ ನಮಗೆ ಏನೋ ಕಡಿಮೆ ಅನ್ನಿಸುತ್ತದೆ. ಬೊಟ್ಟಿದ್ದರೆ ಕಾಣಿಸುವುದೇ ಇಲ್ಲ.

"ರಾಡಾರ್ ಈ ಲಾಂಛನದ ಹಿಂದೆ ಇರುವುದು" ಅಂದ ಮೆಕ್ಯಾನಿಕ್.

ನನ್ನ ತಲೆಯಲ್ಲಿ ಎಲ್ಲ ಒಂದೊಂದಾಗಿ ಕೂಡಿಕೊಂಡಿತು. ಹಳದಿ ಅಕ್ಷರ ಬಂದ ಹಾಗೆಲ್ಲ ಅವ್ವ ದೃಷ್ಟಿ ತಾಗಿದೆ ಅಂತ ವಿಭೂತಿ ಇನ್ನೂ ಗಟ್ಟಿಯಾಗಿ ಮೆತ್ತಿದ್ದಾಳೆ. ಅವಳು ಗಟ್ಟಿಯಾಗಿ ಮೆತ್ತಿದ ಹಾಗೆಲ್ಲ ಅಕ್ಷರ ತಪ್ಪದೆ ಬಂದಿದೆ.

ಅವನು ಒದ್ದೆ ಬಟ್ಟೆಯಿಂದ ಒರೆಸತೊಡಗಿದ. "ಬೇಗ ಹೋಗುವ ಹಾಗಿಲ್ಲ. ಏನಿದು ಬೆಳ್ಳಗೆ?"

"ಬೂದಿ" ಅಂದೆ.

ಒರೆಸುತ್ತಿದ್ದ ಕೈ ಗಕ್ಕನೆ ನಿಂತಿತು. ಮೆಲ್ಲಗೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಕೇಳಿದ: "ಯಾರದ್ದು?"

೫. ಎರಡು ಗಂಟೆಗೆ ಬಂದವನು

ಹಸುವಿನ ಸಗಣಿಯದು, ಯಾರೂ ತೀರಿಕೊಂಡಿಲ್ಲ ಅಂತ ಅವನಿಗೆ ಬಿಡಿಸಿ ಹೇಳಿ, ಒರೆಸಿದ ಕಾರನ್ನು ಓಡಿಸಿ ನೋಡಿದೆ. ಹಳದಿ ಅಕ್ಷರ ಮಾಯ. ಇನ್ನು ಉಳಿದದ್ದು ಕಷ್ಟದ ಕೆಲಸ. ಅಣ್ಣನಿಗೆ ಮಾರುವುದಿಲ್ಲ ಅನ್ನಬೇಕು. ಅದಕ್ಕೂ ಮುಂಚೆ, ಕಾರಿನ ಕಣ್ಣು ಮುಚ್ಚಿದ್ದು ನಿನ್ನ ಕೈಯೇ ಅಂತ ಅವ್ವನಿಗೆ ಹೇಳಬೇಕು.

ಶುಕ್ರವಾರ ಇಡೀ ದಿನ ಹೇಳಲು ಆಗಲಿಲ್ಲ. ಶನಿವಾರ ಒಂದೂವರೆಗೆ, ಅಣ್ಣ ಕಾರಿನ ಕಾಗದಗಳನ್ನು ಜೋಡಿಸಿಕೊಳ್ಳುವುದು ನೋಡಿ ಬಾಯಿ ತೆರೆಯಿತು.

"ಅಣ್ಣಾ, ನಾ ಗಾಡಿ ಮಾರೂದಿಲ್ಲ."

ಅಣ್ಣ ತಲೆ ಎತ್ತಿದ. "ಹೂಂ ಅಂದಿದ್ದೆಲ್ಲ?"

"ಅಂದಿದ್ದೆ. ಈಗ ಇಲ್ಲ ಅಂತೀನಿ. ರಾಡಾರ್ ಕೆಟ್ಟಿಲ್ಲ. ಅವ್ವ ವಿಭೂತಿ ಹಚ್ಚಿದ್ದಕ್ಕ ಅದಕ್ಕ ಕಣ್ಣ ಕಾಣಸ್ತಿರ್ಲಿಲ್ಲ."

ಅಣ್ಣ ಅವ್ವನ ಕಡೆ ನೋಡಿದ. ಅವ್ವನ ಮುಖ ಸಣ್ಣದಾಯಿತು.

"ನಾ ಹಚ್ಚಿದ್ದು ಅದಕ್ಕ ಗೊತ್ತಾಗ್ತೈತೇನ?"

"ಗೊತ್ತಾಗ್ತೈತಿ ಅವ್ವಾ."

"ತೋರ್ಸು ನನಗ."

ವಿಭೂತಿ ಗಟ್ಟಿಯನ್ನು ತಾನೇ ತಂದು, ನೀರು ಹಾಕಿ ಕಲಸಿ, ಲಾಂಛನಕ್ಕೆ ಮೂರು ಪಟ್ಟೆ ದಪ್ಪಗೆ ಎಳೆದಳು. ಮೂವರೂ ಕೂತು ಬಡಾವಣೆಯನ್ನು ಎರಡು ಸುತ್ತು ಹಾಕಿದೆವು. ಎರಡನೇ ಸುತ್ತಿಗೆ ಹಳದಿ ಅಕ್ಷರ ಬಂತು. ಇಳಿದು ಸೆರಗಿನಿಂದ ಒರೆಸಿದಳು. ಮತ್ತೊಂದು ಸುತ್ತು, ಅಕ್ಷರ ಹೋಯಿತು. "ಇನ್ನೊಮ್ಮೆ" ಅಂದಳು. ಮತ್ತೆ ಹಚ್ಚಿದಳು, ಬಂತು. ಒರೆಸಿದಳು, ಹೋಯಿತು. ಹಿಂದಿನ ಸೀಟಿನಲ್ಲಿ ಅವ್ವ ಸೆರಗಿಗೆ ಅಂಟಿದ ವಿಭೂತಿ ಕೊಡವುತ್ತಾ ಕೂತಿದ್ದಳು. ನೊಂದುಕೊಂಡಳೇನೋ ಅಂತ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ ಓಡಿಸಿದೆ.

ಮನೆ ಮುಂದೆ ಬಂದಾಗ ಕೊಳ್ಳುವವನು ಆಗಲೇ ಬಂದು ನಿಂತಿದ್ದ. ಎತ್ತರದ ಮನುಷ್ಯ, ಕಾಲಲ್ಲಿ ಗಂಬೂಟು, ಹಾಲಿನ ಫಾರ್ಮಿನಿಂದ ಸೀದಾ ಬಂದವನ ಹಾಗಿದ್ದ. ಅಣ್ಣ ಮಾತು ಕೊಟ್ಟವನು, ಇಳಿದು ಕೈ ಕುಲುಕಲು ಹೊರಟ. ಅವ್ವ ಅಣ್ಣನ ತೋಳು ಹಿಡಿದು ನಿಲ್ಲಿಸಿದಳು.

"ಇದನ್ನ ಮಾರೂದಿಲ್ಲ."

"ಅವ್ವಾ, ಅಂವಾ ಅಷ್ಟ ದೂರದಿಂದ ಬಂದಾನ..."

"ಬರ್ಲಿ. ನಾ ಒಂದ್ ಬೊಟ್ಟ ಇಟ್ರ ಇದಕ್ಕ ಮುಟ್ಟತೈತಿ. ಒಳಗ ದೀಪ ಹಚ್ಚಿ ತೋರಸ್ತೈತಿ. ನಿನ್ನ ಗಾಡಿಗೆ ಆರ್ ವರ್ಷ ಆತು ವಿಭೂತಿ ಹಚ್ಚಾಕತ್ತು. ಒಮ್ಮೆರ ಹೂಂ ಅಂದೈತೇನ ಅದು? ಕಲ್ಲು ಕುಂತಂಗ ಕುಂತೈತಿ!"

ಅಣ್ಣ ನನ್ನ ಕಡೆ ನೋಡಿದ. ನಾನು ಜನ್ಮದಲ್ಲಿ ಮೊದಲ ಸಲ ನೆಲ ನೋಡದೆ ಅವನನ್ನೇ ನೋಡಿದೆ.

ಅಷ್ಟರಲ್ಲಿ ಅವ್ವ ಗಂಬೂಟಿನವನ ಹತ್ತಿರ ಹೋಗಿ, ನನ್ನ ಕಾರಿಗೆ ಬೆನ್ನು ಮಾಡಿಸಿ, ಅಂಗಳದಲ್ಲೇ ಇದ್ದ ಅಣ್ಣನ ಗಾಡಿಯ ಮುಂದೆ ನಿಲ್ಲಿಸಿ, ತನಗೆ ಬರುವ ಅಷ್ಟೂ ಇಂಗ್ಲಿಷನ್ನು ಒಟ್ಟಿಗೆ ಖರ್ಚು ಮಾಡಿದಳು: "ದಿಸ್. ಗುಡ್. ನೋ ಪ್ರಾಬ್ಲಮ್. ಟೇಕ್."

ಅಣ್ಣ "ನೋ, ನೋ" ಅನ್ನುತ್ತಾ ಓಡಿದ. ಗಂಬೂಟಿನವನು ಆಗಲೇ ಬಾಗಿಲು ತೆಗೆದು ಒಳಗೆ ಕೂತು, ಸೀಟನ್ನು ತನ್ನ ಕಾಲಿನ ಉದ್ದಕ್ಕೆ ಹಿಂದೆ ಸರಿಸಿಕೊಳ್ಳುತ್ತಿದ್ದ.